ಜನರಿಗೆ ಅರಿವಿಲ್ಲ ಅನ್ನುವ ಮೊದಲು ನಮ್ಮ ಕೌಂಟರ್‌ಗಳನ್ನು ನೋಡಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ನವನಗರದಲ್ಲಿ ಒಂದು ಸಣ್ಣ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ಇಟ್ಟುಕೊಂಡಿದ್ದೇನೆ. ಸೈಬರ್ ವಂಚನೆ ಬಗ್ಗೆ ಎಲ್ಲಿ ಕಾರ್ಯಕ್ರಮ ನಡೆದರೂ, ಅದು ಕಾಲೇಜಿನಲ್ಲಿರಲಿ, ಬಸ್ ಸ್ಟ್ಯಾಂಡಿನಲ್ಲಿರಲಿ, ಬ್ಯಾಂಕಿನವರ ಶಿಬಿರ ಇರಲಿ, ವೇದಿಕೆ ಮೇಲಿಂದ ಒಂದು ಮಾತು ಬಂದೇ ಬರುತ್ತದೆ. ನಮ್ಮ ಜನರಿಗೆ ಅರಿವಿಲ್ಲ, ತಮ್ಮ ಮಾಹಿತಿ ಕಾಪಾಡಿಕೊಳ್ಳುವ ಕಾಳಜಿ ಇಲ್ಲ, ಯಾರು ಕೇಳಿದರೂ ಒಟಿಪಿ ಹೇಳಿಬಿಡುತ್ತಾರೆ ಅಂತ. ಈ ಮಾತಿಗೆ ನನ್ನ ತಕರಾರಿದೆ. ಅದನ್ನು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನಂಥ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ನಮ್ಮ ಜನ ಗುಟ್ಟು ಕಾಯುವುದರಲ್ಲಿ ಎಷ್ಟು ಹುಷಾರು ಅಂತ ಗೊತ್ತಾಗುತ್ತದೆ. ಮಗಳ ಮದುವೆಗೆ ಬಯೋಡಾಟಾ ಪ್ರಿಂಟ್ ಮಾಡಿಸಲು ಬರುವ ತಾಯಂದಿರು, "ಫೋಟೋ ನಿಮ್ಮ ಕಂಪ್ಯೂಟರ್‌ನ್ಯಾಗ ಉಳಿಬಾರ್ದು ನೋಡ್ರಿ, ನನ್ನ ಮುಂದನ ಅಳಿಸಿಬಿಡ್ರಿ" ಅನ್ನುತ್ತಾರೆ. ಅಳಿಸಿದ್ದನ್ನು ನೋಡಿಯೇ ಎದ್ದು ಹೋಗುತ್ತಾರೆ. ಬಂಗಾರದ ಮೇಲಿನ ಸಾಲದ ಕಾಗದ ತರುವವರು, ಪಕ್ಕದಲ್ಲಿ ನಿಂತವರಿಗೆ ಮೊತ್ತ ಕಾಣಬಾರದು ಅಂತ ಅದನ್ನು ಮಗುಚಿ ಕೊಡುತ್ತಾರೆ. ಹೊಲ ಎಷ್ಟಕ್ಕೆ ಮಾರಿದೆ ಅನ್ನುವುದನ್ನು ಸ್ವಂತ ಅಳಿಯನಿಗೂ ಸರಿಯಾಗಿ ಹೇಳದ ಹಿರಿಯರಿದ್ದಾರೆ. ಆಸ್ಪತ್ರೆಯ ರಿಪೋರ್ಟ್ ಪ್ರಿಂಟ್ ತೆಗೆಸುವಾಗ ಅಂಗಡಿ ಖಾಲಿಯಾಗಲಿ ಅಂತ ಹೊರಗೆ ಕಾಯುತ್ತ ನಿಲ್ಲುವವರೂ ಇದ್ದಾರೆ. ಇಂಥ ಜನರನ್ನು ಕಾಳಜಿ ಇಲ್ಲದವರು ಅನ್ನಲು ನನ್ನಿಂದ ಆಗುವುದಿಲ್ಲ.

ಆದರೆ ಇದೇ ಜನ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಿ, ಪ್ರಿಂಟ್ ತೆಗೆದುಕೊಂಡು ಹೊರಟುಬಿಡುತ್ತಾರೆ. ಆ ಫೈಲುಗಳು ಏನಾದವು ಅಂತ ಕೇಳುವುದಿಲ್ಲ. ಅರ್ಜಿ ಹಾಕುವಾಗ ಒಟಿಪಿ ಬಂದರೆ ಅಂಗಡಿ ತುಂಬ ಜನ ಇದ್ದರೂ ಒಂದೊಂದೇ ಅಂಕಿ ಜೋರಾಗಿ ಓದುತ್ತಾರೆ. ಇದು ಹೇಗೆ ಸಾಧ್ಯ? ನನಗೆ ಅನ್ನಿಸುವುದು ಹೀಗೆ. ಸಾಲದ ಮೊತ್ತ ನೆರೆಯವರಿಗೆ ಗೊತ್ತಾದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು, ಸಂಜೆಯೊಳಗೆ ಓಣಿ ತುಂಬ ಸುದ್ದಿ, ನಾಳೆ ಸಂಬಂಧಿಕರ ಫೋನು. ಆಧಾರ್ ನಂಬರ್ ಹೊರಗೆ ಹೋದರೆ ಆಗುವ ತೊಂದರೆಗೆ ಮುಖವೇ ಇಲ್ಲ. ಅದು ಇವತ್ತು ಆಗುವುದಿಲ್ಲ. ಎಂಟು ತಿಂಗಳ ಮೇಲೆ ಎಲ್ಲೋ ಕೂತ ಯಾರೋ ಮಾಡುತ್ತಾರೆ, ಆಗ ಯಾವ ಝೆರಾಕ್ಸ್ ಪ್ರತಿಯಿಂದ ಹೋಯಿತು ಅಂತ ಹುಡುಕಲು ಪೊಲೀಸರಿಗೂ ಕಷ್ಟ. ಕಾರಣ ಯಾವುದು, ಪರಿಣಾಮ ಯಾವುದು ಅಂತ ಜೋಡಿಸಿ ನೋಡಲು ಆಗದಿದ್ದರೆ ಯಾರಾದರೂ ಎಚ್ಚರ ಕಲಿಯುವುದು ಹೇಗೆ?

ಇದು ಒಂದು ಕಾರಣ ಮಾತ್ರ. ಇದಕ್ಕಿಂತ ದೊಡ್ಡ ಕಾರಣ ನಮ್ಮ ಊರಿನ ಕಥೆಯಲ್ಲೇ ಇದೆ.

ಬಾಗಲಕೋಟೆ ಅಂದರೆ ಕಾಗದ ಹಿಡಿದುಕೊಂಡು ಓಡಾಡಿದ ಊರು. ಆಲಮಟ್ಟಿಯ ಹಿನ್ನೀರು ಬಂದಾಗ ಹಳೇ ಊರಿನ ಎಷ್ಟೋ ಮನೆಗಳು, ಅಂಗಡಿಗಳು, ಸುತ್ತಲಿನ ಹೊಲಗಳು ಹೋದವು. ಜನ ನವನಗರಕ್ಕೆ ಬಂದರು. ಪರಿಹಾರಕ್ಕೊಂದು ಕಡತ, ನಿವೇಶನಕ್ಕೊಂದು ಕಡತ, ಸಂತ್ರಸ್ತರು ಅನ್ನುವ ಪ್ರಮಾಣಪತ್ರಕ್ಕೆ ಮತ್ತೊಂದು. ಉತಾರ ತಾ, ವಂಶಾವಳಿ ತಾ, ತಲಾಠಿಯ ಸಹಿ ತಾ, ಮೂರು ಪ್ರತಿ ತಾ. ಒಂದು ಕಾಗದ ಕಡಿಮೆ ಬಿದ್ದರೆ ಕಡತ ವಾಪಸ್. ಆ ಕಾಲದವರ ಮನೆಯಲ್ಲಿ ಇವತ್ತಿಗೂ ಒಂದು ಕೈಚೀಲ ಇರುತ್ತದೆ, ಅದರಲ್ಲಿ ಅವರ ಬದುಕೆಲ್ಲ ಇರುತ್ತದೆ. ಯಾವ ಕಚೇರಿಗೆ ಹೋದರೂ ಅದನ್ನು ಹಾಗೇ ಟೇಬಲ್ ಮೇಲೆ ಸುರಿಯುತ್ತಾರೆ, "ಏನ್ ಬೇಕೋ ತಗೊಳ್ರಿ ಸಾಹೇಬ್ರ" ಅಂತ. ಇದು ಅರಿವಿಲ್ಲದವರ ನಡತೆ ಅಲ್ಲ. ಪ್ರಶ್ನೆ ಕೇಳಿದರೆ ಕೆಲಸ ನಿಲ್ಲುತ್ತದೆ ಅಂತ ಚೆನ್ನಾಗಿ ಅರಿತವರ ನಡತೆ.

ಅವರ ಮಕ್ಕಳು ಅದನ್ನೇ ನೋಡಿ ಬೆಳೆದರು. ಈಗ ಕಾಗದದ ಜಾಗಕ್ಕೆ ನಂಬರುಗಳು ಬಂದಿವೆ. ರೇಷನ್‌ಗೆ ಹೆಬ್ಬೆಟ್ಟು, ಬೆಳೆ ವಿಮೆಗೆ ಎಫ್‌ಐಡಿ ಅನ್ನುವ ರೈತರ ಗುರುತಿನ ನಂಬರ್, ಗೃಹಜ್ಯೋತಿಗೆ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿನ ಜೊತೆ ಆಧಾರ್, ಗೃಹಲಕ್ಷ್ಮಿಗೆ ಗಂಡನ ಆಧಾರ್ ಕೂಡ. ಯೋಜನೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೆ 2000 ರೂಪಾಯಿ ಎಷ್ಟು ಮನೆಗಳಲ್ಲಿ ಏನೇನು ಮಾಡಿದೆ ಅಂತ ನನ್ನ ಕಣ್ಣಾರೆ ಕಂಡಿದ್ದೇನೆ, ಮಕ್ಕಳ ಕಾಲೇಜು ಫೀ ಅದರಲ್ಲೇ ಕಟ್ಟಿದ ತಾಯಂದಿರಿದ್ದಾರೆ. ನಾನು ಹೇಳುತ್ತಿರುವುದು ಕೇಳುವ ರೀತಿಯ ಬಗ್ಗೆ. ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರು ನೋಡುತ್ತಾರೆ ಅಂತ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಕೇಳಿದವರಿಗೆ ಸಿಗುವ ಉತ್ತರ ಒಂದೇ, "ಕೊಡೋದಿದ್ರ ಕೊಡ್ರಿ, ಇಲ್ಲಾಂದ್ರ ಮುಂದಿನೋರಿಗೆ ಜಾಗಾ ಬಿಡ್ರಿ." ಹಿಂದೆ ಮೂವತ್ತು ಜನ ನಿಂತಿರುತ್ತಾರೆ. ಅವತ್ತಿನ ಕೂಲಿ ಬಿಟ್ಟು ಬಂದಿರುತ್ತಾರೆ. ಅಂಥಲ್ಲಿ ನಿಂತು ಹಕ್ಕಿನ ಮಾತು ಯಾರಾಡುತ್ತಾರೆ ಹೇಳಿ?

ನನಗೇ ಒಮ್ಮೆ ಹಾಗಾಯಿತು. ಒಂದು ಕಚೇರಿಯಲ್ಲಿ ನಾನು ಮಾಸ್ಕ್ ಮಾಡಿದ ಆಧಾರ್ ಕೊಟ್ಟೆ. ಅದು ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ತೋರಿಸುತ್ತದೆ. ಗುಮಾಸ್ತರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಅರ್ಧ ಬಂದೈತಿ, ಪೂರಾ ಇರೋದು ತಗೊಂಡು ಬರ್ರಿ" ಅಂದರು. ಸರ್ಕಾರವೇ ಕೊಟ್ಟದ್ದು ಅಂದೆ. ನಮಗೆ ಹಾಗೆ ಆದೇಶ ಬಂದಿಲ್ಲ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ನಿಜಕ್ಕೂ ಯಾರೂ ಹೇಳಿರಲಿಲ್ಲ. ಆದರೆ ನನ್ನ ಹಿಂದೆ ನಿಂತವರೆಲ್ಲ ಅದನ್ನು ನೋಡಿದರು. ಇಂಥದ್ದು ಕೇಳಿದರೆ ಮತ್ತೊಂದು ದಿನ ಬರಬೇಕಾಗುತ್ತದೆ ಅನ್ನುವ ಪಾಠ ಅವರಿಗೆ ಅಲ್ಲೇ ಆಯಿತು.

ಮೇಲಿನವರು ಕೂಡ ಇದರಲ್ಲಿ ಗಟ್ಟಿಯಾಗಿ ನಿಂತಿಲ್ಲ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಝೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಬೇಕಾದರೆ ಮಾಸ್ಕ್ ಮಾಡಿದ್ದನ್ನು ಕೊಡಿ ಅಂತ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ಜನ ತಪ್ಪು ತಿಳಿದುಕೊಳ್ಳಬಹುದು, ಸಾಮಾನ್ಯ ಎಚ್ಚರಿಕೆ ಇದ್ದರೆ ಸಾಕು ಅಂತ ಸಮಜಾಯಿಷಿ ಬಂತು. ಸಾಮಾನ್ಯ ಎಚ್ಚರಿಕೆ ಅಂದರೆ ಯಾವುದು? ಹೇಳಿದ ಎಚ್ಚರಿಕೆಯನ್ನೇ ಎರಡು ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಜನ ಏನು ಕಲಿಯಬೇಕು?

ಈಗ ಫೋನಿನ ವಿಷಯಕ್ಕೆ ಬರುತ್ತೇನೆ. ಕೌಂಟರಿನಲ್ಲಿ ಕಲಿತದ್ದೇ ಫೋನಿನಲ್ಲೂ ಮುಂದುವರಿದಿದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರ ಕೈಗೆ ಮೊದಲ ಸಲ ಸ್ಮಾರ್ಟ್‌ಫೋನ್ ಬಂತು. ಅದರಲ್ಲಿ ಏನೇ ಹಾಕಿದರೂ ಮೊದಲು ಕೇಳುವುದು ಅನುಮತಿ. ಫೋಟೋ ನೋಡಲಾ, ಕಾಂಟ್ಯಾಕ್ಟ್ ನೋಡಲಾ, ಎಲ್ಲಿದ್ದೀರಿ ಅಂತ ನೋಡಲಾ. ಎಷ್ಟೋ ಆ್ಯಪ್‌ಗಳು ಬೇಡ ಅಂದರೆ ತೆರೆಯುವುದೇ ಇಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಉದ್ದುದ್ದ ಷರತ್ತು. ಓದಿಲ್ಲ ಅಂತ ಜನರನ್ನು ಬೈಯುವವರು ಒಂದು ವಿಷಯ ತಿಳಿದಿರಬೇಕು. 2008ರಲ್ಲೇ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಲೆಕ್ಕ ಹಾಕಿ ನೋಡಿದ್ದರು. ಒಬ್ಬ ಮನುಷ್ಯ ತಾನು ಹೋಗುವ ವೆಬ್‌ಸೈಟುಗಳ ಖಾಸಗಿತನದ ಷರತ್ತುಗಳನ್ನೆಲ್ಲ ಓದಲು ಕೂತರೆ ವರ್ಷಕ್ಕೆ 200 ಗಂಟೆಗೂ ಜಾಸ್ತಿ ಬೇಕು ಅಂತ. ಅದೂ ಅವರದೇ ಭಾಷೆಯಲ್ಲಿದ್ದದ್ದನ್ನು ಓದಲು. ಗುಳೇದಗುಡ್ಡದಲ್ಲಿ ಮಗ್ಗದ ಮೇಲೆ ಕೂತು ಖಣ ನೇಯುವವರು, ಮುಧೋಳದಲ್ಲಿ ಕಬ್ಬು ಕಡಿಯುವವರು ಇದನ್ನು ಯಾವಾಗ ಓದಬೇಕು? ಓದಿ ಏನು ಮಾಡಬೇಕು, ಒಂದು ಸಾಲು ಹೊಡೆದು ಹಾಕಿ ಸಹಿ ಮಾಡಲು ಬರುವುದಿಲ್ಲವಲ್ಲ? ಒಪ್ಪು, ಇಲ್ಲವೇ ಬಿಡು. ಇಷ್ಟೇ ಇರುವಾಗ ಓದದೇ ಒಪ್ಪುವುದು ಸೋಮಾರಿತನ ಅಲ್ಲ, ಸಮಯ ಉಳಿಸುವ ಬುದ್ಧಿ.

ಇದರ ಬೆಲೆ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಸಾಲದ ಆ್ಯಪ್‌ಗಳಲ್ಲಿ. ಐದು ನಿಮಿಷದಲ್ಲಿ ಮೂರು ಸಾವಿರ ಕೊಡುತ್ತೇವೆ ಅಂತ ಹೇಳಿ, ಫೋನಿನ ಕಾಂಟ್ಯಾಕ್ಟ್ ಎಲ್ಲ ಎಳೆದುಕೊಳ್ಳುತ್ತಿದ್ದರು. ಕಂತು ತಪ್ಪಿದರೆ ಬೀಗರಿಗೆ, ಮಗಳ ಗಂಡನ ಮನೆಗೆ, ಕೆಲಸ ಕೊಟ್ಟ ಮಾಲೀಕರಿಗೆ ಫೋನು. ಕೆಲವರಿಗೆ ತಿದ್ದಿದ ಕೆಟ್ಟ ಫೋಟೋ ಕಳಿಸಿದರು. ದೇಶದ ಬೇರೆ ಬೇರೆ ಕಡೆ ಇದರಿಂದ ಜೀವ ಕಳೆದುಕೊಂಡವರಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕರೆಗಳ ಪಟ್ಟಿ, ಫೋಟೋ ಮುಟ್ಟಬಾರದು ಅಂತ ನಿಯಮ ಮಾಡಿತು. ಒಳ್ಳೆಯದೇ. ಆದರೆ ನಿಯಮವನ್ನು ಕೇರ್ ಮಾಡದ ಕಳ್ಳ ಆ್ಯಪ್‌ಗಳು ಈಗಲೂ ಬರುತ್ತಲೇ ಇವೆ. ಅವುಗಳಲ್ಲಿ ಸಿಕ್ಕಿಬಿದ್ದವರು ಪೊಲೀಸರ ಹತ್ತಿರ ಹೋಗುವುದಿಲ್ಲ, ಯಾಕಂದರೆ ಹೋದರೆ ಸಾಲ ಮಾಡಿದ್ದು ಊರಿಗೆಲ್ಲ ಗೊತ್ತಾಗುತ್ತದೆ. ಮಾನ ಉಳಿಸಿಕೊಳ್ಳಲು ಸುಮ್ಮನಿರುವವರನ್ನೇ ನಾವು ಕಾಳಜಿ ಇಲ್ಲದವರ ಲೆಕ್ಕಕ್ಕೆ ಸೇರಿಸುತ್ತಿದ್ದೇವೆ.

ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಹೇಳಲೇಬೇಕು. ಹುಡುಗಿಯರು ಅರ್ಜಿಯಲ್ಲಿ ಮೊಬೈಲ್ ನಂಬರ್ ಅಂತ ಇರುವಲ್ಲಿ ಅಪ್ಪನದೋ ಅಣ್ಣನದೋ ಬರೆಸುತ್ತಾರೆ. ಅವರಿಗೆ ಖಾಸಗಿತನದ ಬಗ್ಗೆ ಯಾರೂ ಭಾಷಣ ಮಾಡಬೇಕಾಗಿಲ್ಲ, ನಂಬರ್ ತಪ್ಪು ಕೈಗೆ ಹೋದರೆ ರಾತ್ರಿ ಎಂಥ ಮೆಸೇಜ್ ಬರುತ್ತವೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಮೆಸೇಜ್ ಬಂದದ್ದನ್ನು ಮನೆಯಲ್ಲಿ ಹೇಳಿದರೆ ಏನಾಗುತ್ತದೆ? ಮೊದಲು ಫೋನ್ ಕಸಿದುಕೊಳ್ಳುತ್ತಾರೆ. ಎಷ್ಟೋ ಕಡೆ ಮುಂದಿನ ವರ್ಷದ ಕಾಲೇಜೂ ನಿಲ್ಲುತ್ತದೆ. ಮೆಸೇಜ್ ಕಳಿಸಿದವನಿಗೆ ಏನೂ ಆಗುವುದಿಲ್ಲ. ಹೀಗಾಗಿ ಅವರು ಯಾರಿಗೂ ಹೇಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ತೊಂದರೆಯೇ ಇಲ್ಲ ಅನ್ನಿಸುತ್ತದೆ. ಒಂದು ಸಂಸ್ಥೆಯವರು ಪ್ರವೇಶ ಪಡೆದವರ ಪಟ್ಟಿಯನ್ನು ಫೋನ್ ನಂಬರ್ ಸಮೇತ ಗೋಡೆಗೆ ಅಂಟಿಸಿದ್ದನ್ನು ನೋಡಿದ್ದೇನೆ. ಅಂಟಿಸಿದವರಿಗೆ ಅದು ಬರೀ ಪಟ್ಟಿ. ಅದರಲ್ಲಿ ಹೆಸರಿದ್ದ ಹುಡುಗಿಯರಿಗೆ ಏನೇನಾಗಿರಬಹುದು ಅಂತ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಂಗಡಿಗಳ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗುವುದಿಲ್ಲ ಅನ್ನುವುದು ಸರಿಯಲ್ಲ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ಇದು ಇಲ್ಲಿ ಎಷ್ಟು ಜನರಿಗೆ ಗೊತ್ತಿದೆ, ವ್ಯಾಪಾರಿಗಳ ಸಂಘಗಳಿಗೆ ಒಂದು ಪತ್ರ ಬರೆದು ತಿಳಿಸಬಹುದಲ್ವಾ?

ಇನ್ನು ನಾನು ದಿನಾ ಕೇಳುವ ಮಾತು. "ನಮ್ಮತ್ರ ಏನ್ ಐತ್ರಿ ಕದಿಯಾಕ?" ಇದನ್ನು ಬಡವರೇ ಜಾಸ್ತಿ ಹೇಳುವುದು. ಇದೇ ನನಗೆ ಬಹಳ ಬೇಜಾರು ತರುವ ಮಾತು, ಯಾಕಂದರೆ ಕಳ್ಳರ ಲೆಕ್ಕ ಬೇರೆಯೇ ಇದೆ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು, ಈ ಮೂರು ಸಿಕ್ಕರೆ ಎಇಪಿಎಸ್, ಅಂದರೆ ಆಧಾರ್ ಮತ್ತು ಬೆರಳಚ್ಚಿನಿಂದ ದುಡ್ಡು ಕೊಡುವ ವ್ಯವಸ್ಥೆ, ಅದರ ಮೂಲಕ ಖಾತೆಯಿಂದ ದುಡ್ಡು ತೆಗೆಯಬಹುದು. ಒಟಿಪಿ ಬೇಕಾಗಿಯೇ ಇಲ್ಲ. ಬ್ಯಾಂಕ್ ದೂರ ಇರುವ ಹಳ್ಳಿಗಳಿಗೆ ಇದು ಒಳ್ಳೆಯ ಅನುಕೂಲ, ವಯಸ್ಸಾದವರು ಪಿಂಚಣಿ ತೆಗೆದುಕೊಳ್ಳುವುದೇ ಹೀಗೆ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಅನೇಕರ ಖಾತೆಗಳಿಂದ ಹೀಗೇ ದುಡ್ಡು ಹೋಯಿತು. ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಮತ್ತು ಬೆರಳಚ್ಚನ್ನೇ ನಕಲು ಮಾಡಿದ್ದಾರೆ ಅನ್ನುವ ಅನುಮಾನ ಆಗ ಬಲವಾಗಿ ಕೇಳಿಬಂತು. ಆ ಜನ ಯಾರಿಗೂ ಒಟಿಪಿ ಹೇಳಿರಲಿಲ್ಲ. ಯಾವ ಲಿಂಕನ್ನೂ ಒತ್ತಿರಲಿಲ್ಲ. ಸರ್ಕಾರದ ಕಚೇರಿಗೆ ಹೋಗಿ, ಕಾನೂನು ಹೇಳಿದ ಹಾಗೆ ಹೆಬ್ಬೆಟ್ಟು ಒತ್ತಿ ಬಂದಿದ್ದರು. ಬೀಗ ಹಾಳಾದರೆ ಬೇರೆ ಬೀಗ ತಂದು ಹಾಕಬಹುದು, ಬೆರಳು ಬದಲಾಯಿಸಲು ಬರುವುದಿಲ್ಲ. ಬೇಡದಾಗ ಬೆರಳಚ್ಚನ್ನು ಲಾಕ್ ಮಾಡಿ ಇಡಲು ಆಧಾರ್ ವೆಬ್‌ಸೈಟಿನಲ್ಲೇ ವ್ಯವಸ್ಥೆ ಇದೆ. ನಾನು ಕೇಳಿದವರಿಗೆಲ್ಲ ಮಾಡಿಕೊಡುತ್ತೇನೆ, ಆದರೆ ಬೆರಳಚ್ಚಿನಿಂದಲೇ ಪಿಂಚಣಿ ಪಡೆಯುವ ಅಜ್ಜಿಗೆ ಪ್ರತಿ ಸಲ ಲಾಕ್ ತೆಗೆದು ಹಾಕು ಅಂತ ಹೇಳುವುದು ಹೇಗೆ?

ಇನ್ನೊಂದು ಮಾತು ಓದಿದವರದ್ದು. "ಹೆಂಗಿದ್ರೂ ಎಲ್ಲಾರ ಹತ್ರ ಹೋಗೇತಿ, ಈಗ ಮುಚ್ಚಿಟ್ಟು ಏನ್ ಮಾಡೋದು?" ಇದು ಪೂರ್ತಿ ಸುಳ್ಳಲ್ಲ. 2017ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯವರು ಒಂದು ವರದಿ ಕೊಟ್ಟಿದ್ದರು. ಪಿಂಚಣಿ, ಉದ್ಯೋಗ ಖಾತರಿ ಥರದ ನಾಲ್ಕು ಸರ್ಕಾರಿ ವೆಬ್‌ಸೈಟುಗಳಲ್ಲಿ ಸುಮಾರು 13 ಕೋಟಿ ಆಧಾರ್ ನಂಬರುಗಳು ಹೊರಗೆ ಕಾಣುತ್ತಿದ್ದವು ಅಂತ. ಯಾರೂ ಕನ್ನ ಹಾಕಿರಲಿಲ್ಲ, ಇಲಾಖೆಗಳೇ ಹಾಕಿಟ್ಟಿದ್ದವು. ಆಧಾರ್ ನಂಬರನ್ನು ಸಾರ್ವಜನಿಕವಾಗಿ ಪ್ರಕಟಿಸಬಾರದು ಅಂತ ಆಧಾರ್ ಕಾಯ್ದೆಯ 29ನೇ ಕಲಮಿನಲ್ಲೇ ಇದೆ. ಆ ನಂಬರುಗಳು ಪಿಂಚಣಿಯವರವು, ಕೂಲಿ ಮಾಡುವವರವು. ಇಂಥದ್ದನ್ನು ಕೇಳಿದ ಮೇಲೆ ಜನ ಕೈ ಚೆಲ್ಲಿದರೆ ಆಶ್ಚರ್ಯ ಏನಿದೆ? ನಾನು ಮಾತ್ರ ಅವರಿಗೆ ಹೇಳುವುದು, ಹೋದದ್ದು ಹೋಗಲಿ, ನಿಮ್ಮ ಮಗುವಿನದು ಇನ್ನೂ ಹೋಗಿಲ್ಲವಲ್ಲ ಅಂತ.

ಕಾನೂನಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಈ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಮರುವರ್ಷದ ಸೆಪ್ಟೆಂಬರ್ 26ರ ತೀರ್ಪು ಸಬ್ಸಿಡಿ, ಸವಲತ್ತುಗಳಿಗೆ ಆಧಾರ್ ಇರಲಿ ಅಂತು, ಆದರೆ ಸಿಮ್‌ಗೆ ಮತ್ತು ಬ್ಯಾಂಕ್ ಖಾತೆಗೆ ಕಡ್ಡಾಯ ಮಾಡಬಾರದು ಅಂತು. ಈ ಹಕ್ಕಿಗಾಗಿ ಒಬ್ಬ ಕನ್ನಡಿಗರು ಅಷ್ಟು ವಯಸ್ಸಿನಲ್ಲಿ ಕೋರ್ಟಿಗೆ ಹೋದರು ಅನ್ನುವುದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು ಅಂತ ನನಗೆ ಬಹಳ ಆಸೆ.

ಆಮೇಲೆ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು, ಪೂರ್ತಿ ಜಾರಿಗೆ 18 ತಿಂಗಳ ಅವಧಿ ಇಟ್ಟಿದ್ದಾರೆ. ಮಾಹಿತಿ ಯಾಕೆ ಬೇಕು ಅಂತ ಹೇಳುವ ಸೂಚನೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಇರಬೇಕು ಅಂತ ಅದರಲ್ಲಿದೆ. ಕಾಪಾಡದೇ ಹೋದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಓದಿ ಖುಷಿಯಾಯಿತು. ಆದರೆ ಅದೇ ಕಾಯ್ದೆಯಲ್ಲಿ ಸರ್ಕಾರ ಸವಲತ್ತು ಕೊಡುವಾಗ ಕೆಲವು ಸಂದರ್ಭಗಳಲ್ಲಿ ಹೊಸದಾಗಿ ಒಪ್ಪಿಗೆ ಕೇಳಬೇಕಾಗಿಲ್ಲ ಅಂತಲೂ ಇದೆ. ಅಂದರೆ ಕೇಳಿದ್ದೆಲ್ಲ ಕೊಡಲೇಬೇಕಾದ ಜಾಗದಲ್ಲೇ ಕಾನೂನಿನ ಕೈ ಸಡಿಲ. ಮೇಲಾಗಿ ಇದೇ ಕಾಯ್ದೆಯಿಂದ ಮಾಹಿತಿ ಹಕ್ಕು ಕಾಯ್ದೆಗೂ ತಿದ್ದುಪಡಿ ಆಗಿದೆ, ವೈಯಕ್ತಿಕ ಮಾಹಿತಿ ಅಂತ ಹೇಳಿ ಅರ್ಜಿ ತಿರಸ್ಕರಿಸುವುದು ಈಗ ಸುಲಭ. ನನ್ನ ಪತ್ರವನ್ನು ಯಾರೂ ಹಾಗೆ ಬಳಸಬಾರದು. ನಾನು ಕೇಳುತ್ತಿರುವುದು ಪಿಂಚಣಿ ಪಡೆಯುವ ಅಜ್ಜಿಯ ಖಾತೆ ನಂಬರ್ ಮುಚ್ಚಿಡಿ ಅಂತ, ಗುತ್ತಿಗೆದಾರರ ಬಿಲ್ ಮುಚ್ಚಿಡಿ ಅಂತ ಅಲ್ಲ.

ಹಾಗಾದರೆ ನಿಮ್ಮಿಂದ ಏನಾಗಬೇಕು? ದೆಹಲಿಯ ಕಾನೂನು ಬದಲಾಯಿಸಲು ನಿಮಗೆ ಬರುವುದಿಲ್ಲ, ನನಗೆ ಗೊತ್ತು. ಆದರೆ ಜಿಲ್ಲೆಯ ಕೌಂಟರುಗಳು ನಿಮ್ಮ ಮಾತು ಕೇಳುತ್ತವೆ. ಮೊದಲನೆಯದಾಗಿ, ಪೂರ್ತಿ ನಂಬರ್ ಬೇಕೇ ಬೇಕು ಅಂತ ನಿಯಮ ಇಲ್ಲದ ಕಡೆಯೆಲ್ಲ ಮಾಸ್ಕ್ ಮಾಡಿದ ಆಧಾರ್ ತೆಗೆದುಕೊಳ್ಳಬೇಕು ಅಂತ ತಾಲೂಕು ಕಚೇರಿ, ನಾಡಕಚೇರಿ, ಪಂಚಾಯಿತಿ, ಗ್ರಾಮ ಒನ್ ಎಲ್ಲದಕ್ಕೂ ಒಂದು ಸುತ್ತೋಲೆ ಕಳಿಸಿ. ಗುಮಾಸ್ತರಿಗೆ ಅದರ ಒಂದು ಮಾದರಿಯನ್ನೂ ಕೊಡಿ, ನೋಡಿ ಗುರುತು ಹಿಡಿಯಲಿ. ಆನ್‌ಲೈನಿನಲ್ಲಿ ಪರಿಶೀಲನೆ ಆದ ಮೇಲೂ ಮತ್ತೆ ಝೆರಾಕ್ಸ್ ಕೇಳುವ ಪದ್ಧತಿ ನಿಲ್ಲಿಸಿ. ನನ್ನ ಅಂಗಡಿಗೆ ಇದರಿಂದ ವ್ಯಾಪಾರ ಕಡಿಮೆಯಾಗುತ್ತದೆ, ಆಗಲಿ. ಹಳೆಯ ಅರ್ಜಿಗಳು ರದ್ದಿಗೆ ಹೋಗುತ್ತವೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಗುತ್ತವೆ, ಮಿರ್ಚಿ ಬಜಿ ಕಟ್ಟಿದ ಕಾಗದದಲ್ಲಿ ಯಾರದ್ದೋ ಪಾಸ್‌ಬುಕ್ ಪ್ರತಿ ನೋಡಿದ್ದೇನೆ. ಅವುಗಳನ್ನು ಹರಿದು ನಾಶ ಮಾಡಿದ ಮೇಲೇ ವಿಲೇವಾರಿ ಅಂತ ಮಾಡಿ. ಫಲಾನುಭವಿಗಳ ಪಟ್ಟಿಯನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುವಾಗ ಹೆಸರಿರಲಿ, ಅದು ಇರಬೇಕು, ಯಾರಿಗೆ ಸಿಕ್ಕಿದೆ ಯಾರಿಗೆ ಇಲ್ಲ ಅಂತ ಊರಿಗೆ ಗೊತ್ತಾಗಬೇಕು. ಖಾತೆ ನಂಬರ್, ಆಧಾರ್, ಮೊಬೈಲ್ ಬೇಡ.

ನಮ್ಮಂಥ ಅಂಗಡಿಗಳಿಗೂ ನಿಯಮ ಮಾಡಿ. ಇಷ್ಟು ಜನರ ದಾಖಲೆ ನಮ್ಮ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಬಂದು ಬೀಳುತ್ತದೆ. ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ 4 ಅಕ್ಷರ ಮತ್ತು ಹುಟ್ಟಿದ ವರ್ಷ, ಅದು ಯಾರಿಗೆ ಗೊತ್ತಿಲ್ಲ? ನಾನು ಪ್ರತಿ ಸಂಜೆ ಎಲ್ಲ ಅಳಿಸುತ್ತೇನೆ, ವಾಟ್ಸಾಪಿನದ್ದೂ ಅಳಿಸುತ್ತೇನೆ. ಆದರೆ ಹಾಗೆ ಮಾಡಲೇಬೇಕು ಅಂತ ಯಾರೂ ನನಗೆ ಹೇಳಿಲ್ಲ, ಮಾಡದಿದ್ದರೆ ಕೇಳುವವರೂ ಇಲ್ಲ. ಕೆಲಸ ಮುಗಿದ ಮೇಲೆ ಗಿರಾಕಿಯ ಮುಂದೆಯೇ ಅಳಿಸಬೇಕು, ಒಟಿಪಿಯನ್ನು ಗಿರಾಕಿಯೇ ಒತ್ತಲು ಕೀಬೋರ್ಡ್ ಅವರ ಕಡೆ ತಿರುಗಿಸಬೇಕು, ಇಷ್ಟು ಸಣ್ಣ ನಿಯಮ ಸಾಕು. ಮದುವೆ ಫೋಟೋ ಅಳಿಸಿ ಅಂತ ಕೇಳುವ ತಾಯಿ ಆಧಾರನ್ನೂ ಅಳಿಸಿ ಅಂತ ಕೇಳುತ್ತಾರೆ, ಕೇಳಬಹುದು ಅಂತ ಒಮ್ಮೆ ಗೊತ್ತಾದರೆ.

ಇದನ್ನೆಲ್ಲ ಈಗಲೇ ಯಾಕೆ ಕೇಳುತ್ತಿದ್ದೇನೆ ಅನ್ನುವುದಕ್ಕೆ ಕಾರಣ ಇದೆ. ಆಲಮಟ್ಟಿ ಅಣೆಕಟ್ಟೆಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೆಲಸಕ್ಕೆ ಮತ್ತೆ 75 ಸಾವಿರ ಎಕರೆಗೂ ಜಾಸ್ತಿ ಜಮೀನು ಮುಳುಗಡೆಯಾಗುತ್ತದೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿದೆ. ಯೋಚನೆ ಮಾಡಿ ನೋಡಿ. ಎಲ್ಲ ಹಳ್ಳಿಗಳಲ್ಲೂ ಯಾರಿಗೆ ಎಷ್ಟು ಎಕರೆ, ಯಾವ ಸರ್ವೆ ನಂಬರ್, ಎಷ್ಟು ದುಡ್ಡು, ಯಾವ ಖಾತೆ, ಯಾವ ಮೊಬೈಲ್ ಅಂತ ಪಟ್ಟಿಗಳಾಗುತ್ತವೆ. ಆ ಪಟ್ಟಿಗಳು ಎಷ್ಟು ಕೈ ದಾಟುತ್ತವೆ? ಅದರಲ್ಲಿ ಒಂದು ಹೊರಗೆ ಹೋದರೂ ಸಾಕು, ಯಾರೋ ಫೋನ್ ಮಾಡಿ, "ನಿಮ್ಮ ಇಂಥ ಸರ್ವೆ ನಂಬರಿನ ಫೈಲ್ ನಿಂತಿದೆ, ಇಷ್ಟು ಲಕ್ಷ ಬರಬೇಕು, ಈಗೊಂದು ನಂಬರ್ ಬರುತ್ತದೆ ಹೇಳಿ" ಅಂದರೆ ಯಾವ ರೈತರು ನಂಬುವುದಿಲ್ಲ? ಸರ್ವೆ ನಂಬರ್ ಗೊತ್ತಿದೆ, ಮೊತ್ತ ಗೊತ್ತಿದೆ, ಮಗನ ಹೆಸರೂ ಗೊತ್ತಿದೆ. ನಾನಾದರೂ ನಂಬುತ್ತೇನೆ. ಅವತ್ತು ಒಟಿಪಿ ಹೇಳಿದವರನ್ನು ಅರಿವಿಲ್ಲದವರು ಅಂತ ಕರೆದರೆ ಅದು ಅನ್ಯಾಯ, ಯಾಕಂದರೆ ಕಳ್ಳನಿಗೆ ಅರ್ಧ ದಾರಿ ಮಾಡಿಕೊಟ್ಟದ್ದು ಆ ಪಟ್ಟಿ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಬೋರ್ಡ್ ಹಾಕುತ್ತೇವೆ, ಹಾಕಬೇಕು ಕೂಡ. ಆದರೆ ಒಂದು ಸಲ ಹೊಲ ಹೋದವರ ದುಡ್ಡೂ ಹೋದರೆ ಆ ಮನೆ ಮತ್ತೆ ಏಳುವುದಿಲ್ಲ.

ಹಾಗಾಗಿ ಪರಿಹಾರದ ಶಿಬಿರಗಳಿಂದಲೇ ಶುರು ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಪಟ್ಟಿ ಯಾರ ಹತ್ತಿರ ಇರುತ್ತದೆ, ಯಾರು ಯಾವಾಗ ತೆರೆದು ನೋಡಿದರು ಅಂತ ಬರೆದಿಡುವ ವ್ಯವಸ್ಥೆ ಮಾಡಿ. ಪ್ರತಿ ಕೌಂಟರಿನ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡ್ ಇರಲಿ. ಇಲ್ಲಿ ಯಾವ ಯಾವ ಕಾಗದ ಬೇಕು, ಯಾಕೆ ಬೇಕು, ಯಾವುದು ಬೇಡ, ಕೇಳಬಾರದ್ದನ್ನು ಕೇಳಿದರೆ ಯಾರಿಗೆ ಹೇಳಬೇಕು ಅಂತ ಅದರಲ್ಲಿ ಬರೆದಿರಲಿ. ಜನ ಅದನ್ನು ಓದುತ್ತಾರೋ ಇಲ್ಲವೋ ಅನ್ನುವ ಅನುಮಾನ ನಿಮಗೆ ಬರಬಹುದು. ಓದುತ್ತಾರೆ. ಸರದಿಯಲ್ಲಿ ಎರಡು ತಾಸು ನಿಂತವರು ಎದುರಿಗಿರುವ ಪ್ರತಿ ಅಕ್ಷರವನ್ನೂ ಓದುತ್ತಾರೆ, ಓದಲು ಬಾರದವರು ಪಕ್ಕದವರನ್ನು ಕೇಳುತ್ತಾರೆ. ಬರಹ ನಿಮ್ಮ ಕಚೇರಿಯಿಂದ ಬಂದರೆ ಬಾಗಲಕೋಟೆ ತಾಲೂಕಿನ ಶಿಬಿರಗಳಿಗೆ ಬೇಕಾದಷ್ಟು ಬೋರ್ಡ್‌ಗಳನ್ನು ನನ್ನ ಅಂಗಡಿಯಲ್ಲಿ ಪ್ರಿಂಟ್ ಮಾಡಿ ಕೊಡುತ್ತೇನೆ, ದುಡ್ಡು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ನವನಗರದ ಒಂದು ಝೆರಾಕ್ಸ್ ಅಂಗಡಿಯಿಂದ